ಡಿಲೀಟ್ ಮಾಡಿದ ಫೋಲ್ಡರ್ ಮರುದಿನ ವಾಪಸ್ ಬಂದರೆ ಅದು ವೈರಸ್ ಅಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ಓದುಗರ ಪತ್ರಗಳ ಜಾಗದಲ್ಲಿ ಒಬ್ಬರು ಬರೆದಿದ್ದರು, ಇಂಜಿನಿಯರಿಂಗ್ ಮುಗಿಸಿ ಬರುವ ಹುಡುಗರ ಕೈಯಲ್ಲಿ ಮಾರ್ಕ್ಸ್ ಕಾರ್ಡ್ ಬಿಟ್ಟರೆ ಬೇರೇನೂ ಇಲ್ಲ ಅಂತ. ಓದುವಾಗ ಹೌದು ಹೌದು ಅಂತ ತಲೆ ಆಡಿಸಿದೆ. ಆಮೇಲೆ ನಮ್ಮ ಆಫೀಸಿನಲ್ಲೇ ಆದ ಒಂದು ಪ್ರಸಂಗ ನೆನಪಾಗಿ ಸುಮ್ಮನಾದೆ. ಅದರಲ್ಲಿ ಅರ್ಧ ತಪ್ಪು ನನ್ನದೇ. ಅದನ್ನೇ ಬರೆಯುತ್ತಿದ್ದೇನೆ. ಉದ್ದ ಆದರೆ ಕತ್ತರಿಸಿಕೊಳ್ಳಿ, ಆದರೆ ಕಮಾಂಡುಗಳು ಇರುವ ಭಾಗ ಮಾತ್ರ ಕತ್ತರಿಸಬೇಡಿ, ಯಾರಿಗಾದರೂ ಬೇಕಾಗುತ್ತೆ.

ನಾವು ಮೂರು ಜನ. ದಾವಣಗೆರೆಯಲ್ಲಿ ಒಂದು ಗೊಬ್ಬರದ ಅಂಗಡಿ ಮೇಲೆ ಎರಡು ರೂಮು. ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಮೆಕ್ಕೆಜೋಳದ ಲಾರಿ ಬಂತು, ಎಷ್ಟು ಚೀಲ, ಎಷ್ಟು ತೂಕ, ಹಮಾಲಿ ಎಷ್ಟು, ಚೀಟಿ ಪ್ರಿಂಟ್ ಮಾಡು, ಇಷ್ಟೇ ಕೆಲಸ. ಕೋಡ್ ಎಲ್ಲ ಸಬ್‌ವರ್ಷನ್‌ನಲ್ಲಿದೆ, ಕೋಡಿನ ಪ್ರತಿ ಬದಲಾವಣೆಯ ಲೆಕ್ಕ ಇಡುವ ಸಾಫ್ಟ್‌ವೇರ್ ಅದು, ಹುಡುಗರ ಭಾಷೆಯಲ್ಲಿ ಎಸ್‌ವಿಎನ್. ಹಳೇದು, ಗೊತ್ತು. ಅದರ 1.0 ಬಂದಿದ್ದು 2004ರಲ್ಲಿ, ಮರುವರ್ಷವೇ ಲಿನಕ್ಸ್ ಬರೆದ ಲೀನಸ್ ಟೋರ್ವಾಲ್ಡ್ಸ್ ಇದೇ ಕೆಲಸಕ್ಕೆ ಗಿಟ್ ಬರೆದರು, ಈಗ ಹೆಚ್ಚಿನವರು ಗಿಟ್ ಕಡೆಗೇ ಹೋಗಿದ್ದಾರೆ. ನಾವೂ ಹೊಸ ಕೆಲಸಕ್ಕೆಲ್ಲ ಗಿಟ್ ಇಟ್ಟುಕೊಂಡಿದ್ದೇವೆ. ಮಂಡಿ ಸಾಫ್ಟ್‌ವೇರ್ ಮಾತ್ರ ಹಳೇದರಲ್ಲೇ ಇದೆ, ಓಡ್ತಿರೋ ಗಾಡಿ ಯಾಕೆ ಬಿಚ್ಚಬೇಕು ಅಂತ.

ಗೊತ್ತಿಲ್ಲದವರಿಗೆ ಎರಡು ಮಾತು. ಅಸಲು ಕೋಡ್ ಒಂದು ಸರ್ವರ್‌ನಲ್ಲಿರುತ್ತೆ, ಇಲ್ಲಿಯವರೆಗೆ ಆದ ಪ್ರತಿ ಬದಲಾವಣೆ ಸಮೇತ. ನಮ್ಮ ನಮ್ಮ ಕಂಪ್ಯೂಟರ್‌ನಲ್ಲಿ ಅದರದ್ದೊಂದು ಪ್ರತಿ ಇಳಿಸಿಕೊಂಡಿರುತ್ತೇವೆ, ಅದಕ್ಕೆ ವರ್ಕಿಂಗ್ ಕಾಪಿ ಅಂತಾರೆ. ಬೆಳಿಗ್ಗೆ ಬಂದು ಅಪ್‌ಡೇಟ್ ಮಾಡಿದರೆ ಬೇರೆಯವರ ಕೆಲಸ ನಮಗೆ ಬರುತ್ತೆ, ಸಂಜೆ ಕಮಿಟ್ ಮಾಡಿದರೆ ನಮ್ಮದು ಅಲ್ಲಿಗೆ ಹೋಗುತ್ತೆ.

ಮೆಕ್ಕೆಜೋಳದ ಸೀಸನ್‌ನಲ್ಲಿ ಕೊನೇ ವರ್ಷದ ಹುಡುಗ ಒಬ್ಬ ಇಂಟರ್ನ್‌ಶಿಪ್‌ಗೆ ಬಂದ. ಒಳ್ಳೇ ಹುಡುಗ, ಬೇಗ ಬರ್ತಾನೆ, ಲೇಟಾಗಿ ಹೋಗ್ತಾನೆ. ಅವನಿಗೆ ನನ್ನ ಹಳೇ ಕಂಪ್ಯೂಟರ್ ಕೊಟ್ಟೆ. ಎರಡನೇ ವಾರಕ್ಕೇ ಅದರ ಡಿಸ್ಕ್ ತುಂಬಿ ಕೆಂಪು ಗೆರೆ ಬಂತು. ಅವನು ಫೋಲ್ಡರ್‌ಗಳ ಸೈಜ್ ಒಂದೊಂದಾಗಿ ನೋಡಿದ. ಹಳೇ ವರದಿಗಳ ನಮೂನೆ, ಸ್ಕ್ಯಾನ್ ಮಾಡಿದ ಚೀಟಿಗಳು ಇರೋ ಫೋಲ್ಡರ್ ಒಂದೇ 3 ಜಿಬಿ ಇತ್ತು. ಇದನ್ನ ಯಾರೂ ಮುಟ್ಟಲ್ಲ ಅಂದುಕೊಂಡು ಶಿಫ್ಟ್ ಒತ್ತಿ ಡಿಲೀಟ್ ಕೊಟ್ಟ. ಶಿಫ್ಟ್ ಒತ್ತಿದರೆ ರೀಸೈಕಲ್ ಬಿನ್‌ಗೂ ಹೋಗಲ್ಲ, ನೇರ ಹೋಯ್ತು.

ಮರುದಿನ ಬೆಳಿಗ್ಗೆ ನಾವು ಹೇಳಿಕೊಟ್ಟ ಹಾಗೆ ಅಪ್‌ಡೇಟ್ ಮಾಡಿದ. ಫೋಲ್ಡರ್ ವಾಪಸ್ ಬಂತು. ಮತ್ತೆ ಡಿಲೀಟ್ ಮಾಡಿದ, ಮಾರನೇ ದಿನ ಮತ್ತೆ ಬಂತು. ಮೂರನೇ ಸಲ ಆದಾಗ ನನ್ನ ಹತ್ತಿರ ಬಂದು ಮೆಲ್ಲಗೆ, ‘ಸಾರ್, ಆ ಕಂಪ್ಯೂಟರ್‌ಗೆ ವೈರಸ್ ಬಂದಿದೆ ಅನ್ಸುತ್ತೆ’ ಅಂದ. ನಾನು ಯಾವುದೋ ಗಿರಾಕಿ ಜೊತೆ ಫೋನಲ್ಲಿದ್ದೆ, ‘ಆಮೇಲೆ ನೋಡೋಣ ಬಿಡಪ್ಪಾ’ ಅಂದೆ. ಇದು ನನ್ನ ಮೊದಲ ತಪ್ಪು. ಎರಡು ನಿಮಿಷ ಕೂತಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು.

ಅವನ ಮಟ್ಟಿಗೆ ಲಾಜಿಕ್ ಸರಿಯಾಗೇ ಇತ್ತು. ಡಿಲೀಟ್ ಅಂದರೆ ಡಿಲೀಟ್. ಆದರೆ ಎಸ್‌ವಿಎನ್ ಲೆಕ್ಕ ಬೇರೆ. ನಮ್ಮ ತಂದೆ ಮಂಡಿಯಲ್ಲಿ ಗುಮಾಸ್ತರಾಗಿದ್ದವರು, ದಾಸ್ತಾನು ಪುಸ್ತಕ ಬರೆಯುತ್ತಿದ್ದರು. ಗೋದಾಮಿನಿಂದ 40 ಚೀಲ ಹೊರಗೆ ಹೋಗಿ, ಪುಸ್ತಕದಲ್ಲಿ ಎಂಟ್ರಿ ಆಗದಿದ್ದರೆ ಅವರು ಚೀಲ ಮಾರಾಟ ಆಗಿದೆ ಅಂತ ಬರೆಯುತ್ತಿರಲಿಲ್ಲ, ‘ಚೀಲ ಎಲ್ಲಿ?’ ಅಂತ ಕೇಳುತ್ತಿದ್ದರು. ಎಸ್‌ವಿಎನ್ ಕೇಳೋದೂ ಅದನ್ನೇ. ಕೈಯಲ್ಲಿ ಡಿಲೀಟ್ ಮಾಡಿದ ಮೇಲೆ ಎಸ್‌ವಿಎನ್ ಸ್ಟೇಟಸ್ ಕೊಟ್ಟು ನೋಡಿ, ಆ ಹೆಸರಿನ ಮುಂದೆ ಒಂದು ಆಶ್ಚರ್ಯಸೂಚಕ ಚಿಹ್ನೆ ಇರುತ್ತೆ. ಪುಸ್ತಕದಲ್ಲಿದೆ, ಗೋದಾಮಿನಲ್ಲಿ ಕಾಣ್ತಿಲ್ಲ ಅಂತ ಅರ್ಥ. ಡಿಲೀಟ್ ಆಗಿದೆ ಅಂತ ಅಲ್ಲ. ಬರೀ ಕಮಿಟ್ ಅಂತ ಕೊಟ್ಟರೆ ಅದು ಸರ್ವರ್‌ಗೆ ಏನೂ ಹೇಳಲ್ಲ, ಸುಮ್ನೆ ದಾಟಿ ಹೋಗುತ್ತೆ. ಮುಂದಿನ ಅಪ್‌ಡೇಟ್‌ಗೆ, ಅಯ್ಯೋ ಇದು ಕಳೆದುಹೋಗಿತ್ತಲ್ಲ ಅಂತ ತಂದು ಇಡುತ್ತೆ.

ನಿಜವಾಗಿ ತೆಗೆಯಬೇಕು, ಯಾರಿಗೂ ಬೇಡ ಅಂದರೆ ಎಸ್‌ವಿಎನ್ ಡಿಲೀಟ್ ಅನ್ನೋ ಕಮಾಂಡನ್ನೇ ಕೊಡಬೇಕು, ಆಗ ಸ್ಟೇಟಸ್‌ನಲ್ಲಿ ಡಿ ಅಕ್ಷರ ಬರುತ್ತೆ, ಆಮೇಲೆ ಕಮಿಟ್. ಮೊದಲೇ ಕೈಯಲ್ಲಿ ಡಿಲೀಟ್ ಮಾಡಿಬಿಟ್ಟಿದ್ದರೂ ಪರವಾಗಿಲ್ಲ, ಈಗಲೂ ಆ ಕಮಾಂಡ್ ಕೊಡಬಹುದು. ಬೇಕಾಗಿತ್ತು, ತಪ್ಪಿ ಹೋಯ್ತು ಅಂದರೆ ಎಸ್‌ವಿಎನ್ ರಿವರ್ಟ್, ಒಳಗಿನ ಫೋಲ್ಡರ್‌ಗಳೂ ಬರಬೇಕಾದ್ದರಿಂದ ಜೊತೆಗೆ ರಿಕರ್ಸಿವ್ ಅಂತ ಕೊಡಿ. ಇದಕ್ಕೆ ನೆಟ್ ಕೂಡ ಬೇಡ. ಟಾರ್ಟಾಯ್ಸ್ ಅಂದರೆ ಕಮಾಂಡ್ ಟೈಪ್ ಮಾಡದೆ ಮೌಸ್‌ನಿಂದಲೇ ಎಸ್‌ವಿಎನ್ ನಡೆಸುವ ಪ್ರೋಗ್ರಾಂ, ಅದನ್ನ ಬಳಸುವವರಿಗೆ ಇವೆಲ್ಲ ರೈಟ್ ಕ್ಲಿಕ್‌ನಲ್ಲೇ ಇವೆ. ಆದರೆ ಟಾರ್ಟಾಯ್ಸ್‌ನಲ್ಲಿ ಒಂದು ಹುಷಾರು. ಕಮಿಟ್ ಕಿಟಕಿಯಲ್ಲಿ ಕಳೆದುಹೋದ ಫೈಲುಗಳ ಹೆಸರೂ ಬರುತ್ತೆ, ಅದರ ಮುಂದೆ ಟಿಕ್ ಹಾಕಿದರೆ ಅದು ನಿಜವಾದ ಡಿಲೀಟ್ ಅಂತಲೇ ಸರ್ವರ್‌ಗೆ ಹೋಗುತ್ತೆ. ಎಲ್ಲಕ್ಕೂ ಟಿಕ್ ಹೊಡೆಯುವ ಅಭ್ಯಾಸ ಇದ್ದವರು ಅದನ್ನ ಬಿಟ್ಟುಬಿಡಿ.

ಇನ್ನು ಡಿಸ್ಕ್ ಜಾಗ. ಇದು ನನಗೂ ತುಂಬಾ ದಿನ ಗೊತ್ತಿರಲಿಲ್ಲ. ವರ್ಕಿಂಗ್ ಕಾಪಿಯ ಬುಡದಲ್ಲಿ ಡಾಟ್ ಎಸ್‌ವಿಎನ್ ಅಂತ ಒಂದು ಫೋಲ್ಡರ್ ಅಡಗಿ ಕೂತಿರುತ್ತೆ. ಅದರೊಳಗೆ ಪ್ರತಿ ಫೈಲಿನ ಇನ್ನೊಂದು ಪ್ರತಿ ಇರುತ್ತೆ, ಸರ್ವರ್‌ನಿಂದ ಬಂದ ಹಾಗೇ. ನೆಟ್ ಇಲ್ಲದೆ ರಿವರ್ಟ್ ಆಗೋದು ಅದರಿಂದಲೇ. ಅಂದರೆ ಆ 3 ಜಿಬಿ ಫೋಲ್ಡರ್ ಹೆಚ್ಚು ಕಡಿಮೆ 6 ಜಿಬಿ ನುಂಗಿರುತ್ತೆ. ಹುಡುಗ ಡಿಲೀಟ್ ಮಾಡಿದ್ದು ಅರ್ಧ ಮಾತ್ರ, ಇನ್ನರ್ಧ ಅಲ್ಲೇ ಇತ್ತು. ಅವನಿಗೆ ಬೇಕಾಗಿದ್ದದ್ದು ಬೇರೆಯೇ ಕಮಾಂಡು. ಎಸ್‌ವಿಎನ್ ಅಪ್‌ಡೇಟ್ ಜೊತೆಗೆ ಸೆಟ್ ಡೆಪ್ತ್ ಎಕ್ಸ್‌ಕ್ಲೂಡ್ ಅಂತ ಕೊಟ್ಟರೆ ಆ ಫೋಲ್ಡರ್ ನಮ್ಮ ಕಂಪ್ಯೂಟರ್‌ನಿಂದ ಮಾತ್ರ ಹೋಗುತ್ತೆ, ಸರ್ವರ್‌ನಲ್ಲಿ ಹಾಗೇ ಇರುತ್ತೆ, ಅಪ್‌ಡೇಟ್ ಮಾಡಿದಾಗ ವಾಪಸ್ ಬರಲ್ಲ. ಆಮೇಲೆ ಒಂದು ಕ್ಲೀನಪ್ ಕೊಟ್ಟರೆ ಆ ಅಡಗಿದ ಪ್ರತಿಯೂ ಹೋಗಿ ಜಾಗ ಪೂರ್ತಿ ಖಾಲಿ. ಮುಂದೆ ಯಾವತ್ತಾದರೂ ಬೇಕಾದರೆ ಸೆಟ್ ಡೆಪ್ತ್ ಇನ್ಫಿನಿಟಿ.

ಕತೆಗೆ ಬರ್ತೀನಿ. ನಾಲ್ಕನೇ ಸಲ ಡಿಲೀಟ್ ಮಾಡಿದ ಮರುದಿನ ಬೆಳಿಗ್ಗೆ ಅಪ್‌ಡೇಟ್ ಅರ್ಧ ಆಗಿತ್ತು, ಕರೆಂಟ್ ಹೋಯ್ತು. ಯುಪಿಎಸ್ ಒಂದು ಸಲ ಕುಂಯ್ ಅಂದು ಆಫ್ ಆಯ್ತು. ಬ್ಯಾಟರಿ ಬದಲಿಸಬೇಕು ಅಂತ ಯುಗಾದಿಯಿಂದ ಹೇಳ್ತಾ ಇದ್ದೆ, ಅದೂ ನನ್ನ ಖಾತೆಗೇ. ಕರೆಂಟ್ ಬಂದು ಕಂಪ್ಯೂಟರ್ ಹಾಕಿದರೆ ವರ್ಕಿಂಗ್ ಕಾಪಿ ಲಾಕ್ ಆಗಿದೆ ಅನ್ನೋ ಮೆಸೇಜು, ಜೊತೆಗೆ ಕ್ಲೀನಪ್ ಮಾಡಿ ಅಂತ ಅದರಲ್ಲೇ ಬರೆದಿತ್ತು. ಹುಡುಗ ಮೆಸೇಜ್ ಪೂರ್ತಿ ಓದಲಿಲ್ಲ. ಲಾಕ್ ಅನ್ನೋ ಒಂದು ಪದ ನೋಡಿದ. ಲಾಕ್ ಎಲ್ಲಿರುತ್ತೆ, ಅಡಗಿದ ಫೋಲ್ಡರ್‌ನಲ್ಲಿರುತ್ತೆ ಅಂತ ಯಾರೋ ಸ್ನೇಹಿತ ಫೋನಲ್ಲಿ ಹೇಳಿದನಂತೆ, ಹೋಗಿ ಡಾಟ್ ಎಸ್‌ವಿಎನ್ ಅನ್ನೇ ಡಿಲೀಟ್ ಮಾಡಿದ.

ಫೋಲ್ಡರ್ ಮೇಲಿದ್ದ ಹಸಿರು ಟಿಕ್ ಗುರುತುಗಳೆಲ್ಲ ಒಂದೇ ಸಲಕ್ಕೆ ಮಾಯ. ರೈಟ್ ಕ್ಲಿಕ್ ಮಾಡಿದರೆ ಅಪ್‌ಡೇಟ್ ಇಲ್ಲ, ಕಮಿಟ್ ಇಲ್ಲ, ಚೆಕ್‌ಔಟ್ ಒಂದೇ ಇದೆ. ಅವನು ಕುರ್ಚಿಯಿಂದ ಎದ್ದು ಕಂಪ್ಯೂಟರ್‌ನಿಂದ ಒಂದು ಹೆಜ್ಜೆ ದೂರ ನಿಂತುಕೊಂಡಿದ್ದ, ಕೈ ಎರಡೂ ಹಿಂದೆ ಕಟ್ಟಿಕೊಂಡು, ಇನ್ನು ನಾನೇನೂ ಮುಟ್ಟಲ್ಲ ಅನ್ನೋ ಹಾಗೆ. ನನಗೆ ಬೈಯೋದಕ್ಕೂ ಮನಸ್ಸು ಬರಲಿಲ್ಲ.

ಲಾಕ್ ವಿಷಯ ಮೊದಲು ಹೇಳ್ತೀನಿ, ಯಾಕಂದ್ರೆ ಕರೆಂಟ್ ಹೋಗೋ ಊರುಗಳಲ್ಲಿ ಇದು ಎಲ್ಲರಿಗೂ ಬರುತ್ತೆ. ಕೆಲಸ ನಡುವೆ ನಿಂತರೆ ಎಸ್‌ವಿಎನ್ ಒಂದು ಗುರುತು ಹಾಕಿಕೊಂಡಿರುತ್ತೆ, ಇಲ್ಲಿ ಏನೋ ಅರ್ಧ ಆಗಿದೆ ಅಂತ. ಎಸ್‌ವಿಎನ್ ಕ್ಲೀನಪ್ ಕೊಟ್ಟರೆ ಅದು ಅರ್ಧ ಆಗಿದ್ದನ್ನ ಮುಗಿಸಿ ಗುರುತು ತೆಗೆಯುತ್ತೆ, ನೀವು ಬರೆದ ಕೋಡ್ ಮುಟ್ಟಲ್ಲ. ಆದರೆ ಟಾರ್ಟಾಯ್ಸ್‌ನ ಕ್ಲೀನಪ್ ಕಿಟಕಿಯಲ್ಲಿ ಇನ್ನೂ ಕೆಲವು ಟಿಕ್ ಬಾಕ್ಸ್‌ಗಳಿವೆ. ಬದಲಾವಣೆಗಳನ್ನೆಲ್ಲ ರಿವರ್ಟ್ ಮಾಡು ಅಂತ ಒಂದು, ಲೆಕ್ಕಕ್ಕೆ ಸೇರದ ಫೈಲುಗಳನ್ನ ಡಿಲೀಟ್ ಮಾಡು ಅಂತ ಇನ್ನೊಂದು. ಅವೆರಡನ್ನೂ ಮುಟ್ಟಬೇಡಿ, ಏನು ಹೋಗುತ್ತೆ ಅಂತ ಗೊತ್ತಿದ್ದರೆ ಮಾತ್ರ ಮುಟ್ಟಿ.

ಹಳೇ ಸಲಹೆಗಳ ಬಗ್ಗೆಯೂ ಒಂದು ಮಾತು. ಎಸ್‌ವಿಎನ್ 1.6ರವರೆಗೆ ಪ್ರತಿ ಫೋಲ್ಡರ್ ಒಳಗೂ ಒಂದೊಂದು ಡಾಟ್ ಎಸ್‌ವಿಎನ್ ಇರುತ್ತಿತ್ತು. ಆಗ ಒಂದು ಫೋಲ್ಡರ್ ಕಾಪಿ ಮಾಡಿ ಬೇರೆ ಕಡೆ ಇಟ್ಟರೆ ಒಳಗಿನ ಲೆಕ್ಕವೂ ಜೊತೆಗೆ ಹೋಗಿ, ಇಲ್ಲಿ ಕಮಿಟ್ ಮಾಡಿದರೆ ಅಲ್ಲಿಗೆ ಹೋಗೋದು. ನಾವು ಅನುಭವಿಸಿದ್ದೇವೆ. 2011ರಲ್ಲಿ 1.7 ಬಂದ ಮೇಲೆ ಬುಡದಲ್ಲಿ ಒಂದೇ ಒಂದು ಇರುತ್ತೆ, ಲೆಕ್ಕವೆಲ್ಲ ಅದರೊಳಗಿನ ಒಂದು ಎಸ್‌ಕ್ಯುಲೈಟ್ ಡೇಟಾಬೇಸ್‌ನಲ್ಲಿ. ಹಾಗಾಗಿ 1.6ರ ಕಾಲದಲ್ಲಿ ಒಳಗಿನ ಒಂದು ಡಾಟ್ ಎಸ್‌ವಿಎನ್ ಡಿಲೀಟ್ ಮಾಡಿದರೆ ಒಂದು ಫೋಲ್ಡರ್ ಮಾತ್ರ ಕೆಡುತ್ತಿತ್ತು. ಈಗ ಮಾಡಿದರೆ ಇಡೀ ದಾಸ್ತಾನು ಪುಸ್ತಕಕ್ಕೇ ಬೆಂಕಿ ಇಟ್ಟ ಹಾಗೆ. ಆ ಸ್ನೇಹಿತ ಕೊಟ್ಟ ಸಲಹೆ ಎಲ್ಲಿಯದು ಅಂತ ನನಗೆ ಅನುಮಾನ ಬಂದಿದ್ದು ಇದಕ್ಕೇ.

ನಾನು ಮಾಡಿದ್ದು ಇಷ್ಟು. ಮೊದಲು ಇದ್ದ ಫೋಲ್ಡರ್ ಹೆಸರು ಬದಲಿಸಿದೆ, ಏನೂ ಡಿಲೀಟ್ ಮಾಡಲಿಲ್ಲ. ಬಾಹ್ಯ ಡಿಸ್ಕ್ ಒಂದು ಹಾಕಿ ಅದರಲ್ಲಿ ಹೊಸದಾಗಿ ಚೆಕ್‌ಔಟ್ ಮಾಡಿದೆ. ಆಮೇಲೆ ವಿನ್‌ಮರ್ಜ್‌ನಲ್ಲಿ ಹಳೇದು ಹೊಸದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಹುಡುಗ ಬರೆದು ಇನ್ನೂ ಕಮಿಟ್ ಮಾಡದ ನಾಲ್ಕು ಫೈಲು ಸಿಕ್ಕವು. ಅವನ್ನ ಹೊಸದಕ್ಕೆ ಹಾಕಿದೆ, ಕಂಪೈಲ್ ಆಯ್ತು, ಕಮಿಟ್ ಮಾಡಿದೆ. ಒಟ್ಟು ಮುಕ್ಕಾಲು ಗಂಟೆ. ಜಾಗ ಇಲ್ಲದವರು ಅದೇ ಫೋಲ್ಡರ್ ಮೇಲೆ ಚೆಕ್‌ಔಟ್ ಜೊತೆ ಫೋರ್ಸ್ ಅಂತ ಕೊಟ್ಟೂ ಮಾಡಬಹುದು, ಇರುವ ಫೈಲುಗಳನ್ನ ಉಳಿಸಿಕೊಂಡು ಬದಲಾಗಿರೋದನ್ನ ಬದಲಾಗಿದೆ ಅಂತ ತೋರಿಸುತ್ತೆ. ನಾನು ಬೇರೆ ಜಾಗದಲ್ಲಿ ಮಾಡೋದೇ ಇಷ್ಟಪಡ್ತೀನಿ, ಹೆದರಿಕೆ ಕಡಿಮೆ.

ಬೇರೆ ತಕರಾರುಗಳೂ ಬರುತ್ತವೆ, ಬೇಗ ಹೇಳಿಬಿಡ್ತೀನಿ. ಸ್ಟೇಟಸ್‌ನಲ್ಲಿ ಅಲೆಯ ಥರ ಒಂದು ಗೆರೆ ಬಂದರೆ, ಫೋಲ್ಡರ್ ಇರಬೇಕಾದ ಜಾಗದಲ್ಲಿ ಅದೇ ಹೆಸರಿನ ಫೈಲ್ ಇದೆ ಅಥವಾ ಉಲ್ಟಾ, ಅದನ್ನ ಪಕ್ಕಕ್ಕೆ ಸರಿಸಿ ರಿವರ್ಟ್ ಮಾಡಿ. ಹೊಸ ಫೈಲ್ ಆಡ್ ಮಾಡಿ, ಕಮಿಟ್ ಮಾಡೋ ಮೊದಲೇ ಕೈಯಲ್ಲಿ ಡಿಲೀಟ್ ಮಾಡಿದರೆ ಕಮಿಟ್ ನಿಂತುಹೋಗುತ್ತೆ, ಸೇರಿಸು ಅಂದಿದ್ದೀಯ, ಫೈಲೇ ಇಲ್ಲ ಅಂತ. ಅದಕ್ಕೂ ರಿವರ್ಟೇ. ನೀವು ಸರಿಯಾಗಿ ಡಿಲೀಟ್ ಮಾಡಿದ ಫೋಲ್ಡರ್‌ನೊಳಗೆ ಅದೇ ಹೊತ್ತಿಗೆ ಇನ್ನೊಬ್ಬರು ಏನೋ ತಿದ್ದಿ ಕಮಿಟ್ ಮಾಡಿದ್ದರೆ ಟ್ರೀ ಕಾನ್‌ಫ್ಲಿಕ್ಟ್ ಬರುತ್ತೆ. ಅಲ್ಲಿ ಕಮಾಂಡ್ ಹುಡುಕಬೇಡಿ, ಎದ್ದು ಹೋಗಿ ಅವರನ್ನ ಕೇಳಿ, ನಮ್ಮಲ್ಲಿ ಆದರೆ ಇರೋದೇ ಎರಡು ರೂಮು. ಬೇಡ ಅಂತ ಇಬ್ಬರೂ ಒಪ್ಪಿದ ಮೇಲೆ ರಿಸಾಲ್ವ್ ಮಾಡಿ, ವರ್ಕಿಂಗ್ ಅಂತ ಕೊಡಿ. ಡಿಲೀಟ್ ಕಮಿಟ್ ಆಗಿಹೋಗಿದೆ, ಆರು ತಿಂಗಳಾಗಿದೆ ಅಂದರೂ ಅಳಬೇಕಾಗಿಲ್ಲ, ಲಾಗ್‌ನಲ್ಲಿ ಹಿಂದಿನ ನಂಬರ್ ನೋಡಿ ಎಸ್‌ವಿಎನ್ ಕಾಪಿ ಕೊಟ್ಟು ಅಲ್ಲಿಂದ ತರಬಹುದು.

ಗಿಟ್ ಬಳಸುವವರು ಇದನ್ನೆಲ್ಲ ಓದಿ ನಗ್ತಿರಬಹುದು. ನಗಬೇಡಿ. ನಿಮ್ಮಲ್ಲಿ ಫೋಲ್ಡರ್ ತರೋದು ಸುಲಭ, ಗಿಟ್ ರಿಸ್ಟೋರ್ ಜೊತೆ ಫೋಲ್ಡರ್ ಹೆಸರು ಕೊಟ್ಟರೆ ಸಾಕು, ಆ ಕಮಾಂಡ್ 2019ರಲ್ಲಿ 2.23 ಜೊತೆ ಬಂತು, ಅದಕ್ಕೆ ಮೊದಲು ಗಿಟ್ ಚೆಕ್‌ಔಟ್. ಆದರೆ ನಿಮ್ಮದು ಉಲ್ಟಾ ಅಪಾಯ. ಎಸ್‌ವಿಎನ್ ಕೈಯಲ್ಲಿ ಮಾಡಿದ ಡಿಲೀಟನ್ನ ನಂಬಲ್ಲ, ಗಿಟ್ ನಂಬಿಬಿಡುತ್ತೆ. ಗಿಟ್ ಆಡ್ ಚುಕ್ಕೆ ಅಂತ ಎಲ್ಲರೂ ಕಣ್ಣು ಮುಚ್ಚಿ ಹೊಡೀತಾರಲ್ವಾ, ಗಿಟ್ 2.0 ಆದಮೇಲೆ ಅದು ಡಿಲೀಟ್ ಆಗಿದ್ದನ್ನೂ ಮುಂದಿನ ಕಮಿಟ್‌ಗೆ ಸೇರಿಸಿಕೊಂಡು ಹೋಗುತ್ತೆ. ಮತ್ತೆ ಡಾಟ್ ಗಿಟ್ ಡಿಲೀಟ್ ಆದರೆ ನಮಗಿಂತ ಕೆಟ್ಟದು. ನಮ್ಮ ಇತಿಹಾಸ ಸರ್ವರ್‌ನಲ್ಲಿ ಕೂತಿರುತ್ತೆ, ನಿಮ್ಮದು ಸರ್ವರ್‌ಗೆ ಪುಶ್ ಮಾಡದೇ ಉಳಿದಷ್ಟು ಆ ಫೋಲ್ಡರ್ ಒಳಗೇ ಇತ್ತು. ವರ್ಕ್‌ಟ್ರೀ, ಅಂದರೆ ಕೋಡಿನ ಇನ್ನೊಂದು ಕವಲನ್ನ (ಬ್ರಾಂಚ್) ಬೇರೆ ಫೋಲ್ಡರ್‌ನಲ್ಲಿ ತೆರೆದುಕೊಂಡು, ಆಮೇಲೆ ಆ ಫೋಲ್ಡರ್ ಕೈಯಲ್ಲಿ ಡಿಲೀಟ್ ಮಾಡಿದವರು ಗಿಟ್ ವರ್ಕ್‌ಟ್ರೀ ಪ್ರೂನ್ ಕೊಡಿ, ಇಲ್ಲಾಂದ್ರೆ ಆ ಬ್ರಾಂಚ್ ಬೇರೆ ಕಡೆ ಬಳಕೆಯಲ್ಲಿದೆ ಅಂತ ಹಟ ಮಾಡುತ್ತೆ.

ಈಗ ಆ ಓದುಗರ ಪತ್ರಕ್ಕೆ ನನ್ನ ಉತ್ತರ. ಹುಡುಗನನ್ನ ಕೂರಿಸಿಕೊಂಡು ಕೇಳಿದೆ, ಕಾಲೇಜಿನಲ್ಲಿ ಇದನ್ನ ಹೇಳಿಕೊಟ್ಟಿಲ್ವಾ ಅಂತ. ಲ್ಯಾಬ್‌ನಲ್ಲಿ ಪ್ರೋಗ್ರಾಂ ಬರೆದು, ಪ್ರಿಂಟ್ ತೆಗೆದು, ರೆಕಾರ್ಡ್ ಪುಸ್ತಕಕ್ಕೆ ಅಂಟಿಸಿ ಸಹಿ ಹಾಕಿಸಿಕೊಳ್ತೀವಿ ಸಾರ್ ಅಂದ. ಗಿಟ್ ಬಗ್ಗೆ ಕ್ಲಾಸ್ ಆಗಿದೆಯಂತೆ, ಪರೀಕ್ಷೆಯಲ್ಲಿ ಪ್ರಶ್ನೆಗೂ ಬಂದಿತ್ತಂತೆ, ಉಪಯೋಗಗಳನ್ನು ಪಟ್ಟಿ ಮಾಡಿ ಅಂತ. ಅವನು ಉಪಯೋಗಗಳನ್ನ ಪಟ್ಟಿ ಮಾಡಿ ಪೂರ್ತಿ ಮಾರ್ಕ್ಸ್ ತಗೊಂಡಿದ್ದಾನೆ. ಆದರೆ ನಾಲ್ಕು ವರ್ಷದಲ್ಲಿ ಒಂದು ಸಲವೂ ಅವನ ಎದುರಿಗೆ ಯಾವ ಫೋಲ್ಡರೂ ಕಳೆದುಹೋಗಿಲ್ಲ. ಕಳೆದುಹೋಗದೆ ಹುಡುಕೋದು ಹೇಗೆ ಗೊತ್ತಾಗಬೇಕು?

ನಮ್ಮ ಊರಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿಗೆ ಕೊರತೆ ಇಲ್ಲ. ಹೊಸ ಲ್ಯಾಬ್ ಬೇಡ, ದುಡ್ಡೂ ಬೇಡ. ಇರುವ ಲ್ಯಾಬ್‌ನಲ್ಲೇ ಒಂದು ಮಧ್ಯಾಹ್ನ, ಮೇಷ್ಟ್ರು ಎಲ್ಲರ ಕಂಪ್ಯೂಟರ್‌ನಲ್ಲೂ ಒಂದೊಂದು ಫೋಲ್ಡರ್ ಬೇಕಂತಲೇ ಡಿಲೀಟ್ ಮಾಡಿ, ಒಬ್ಬನ ವರ್ಕಿಂಗ್ ಕಾಪಿ ಲಾಕ್ ಮಾಡಿ, ಇನ್ನೊಬ್ಬನ ಡಾಟ್ ಎಸ್‌ವಿಎನ್ ತೆಗೆದು, ‘ಸರಿಮಾಡಿ, ನಾನು ಟೀ ಕುಡಿದು ಬರ್ತೀನಿ’ ಅಂತ ಹೋಗಲಿ. ಮೇಷ್ಟ್ರುಗಳಲ್ಲಿ ಯಾರಾದರೂ ನಿಮ್ಮ ಪತ್ರಿಕೆ ಓದುವವರಿದ್ದರೆ ಇದೊಂದು ಮಾಡಿ ನೋಡಲಿ. ಬೇಕಾದರೆ ನಾನೇ ಬಂದು ಡಿಲೀಟ್ ಮಾಡಿಕೊಡ್ತೀನಿ, ಆ ಕೆಲಸಕ್ಕೆ ನಮ್ಮ ಹುಡುಗನೂ ಬರ್ತಾನೆ, ಅವನಷ್ಟು ಅನುಭವ ಇಲ್ಲಿ ಯಾರಿಗೂ ಇಲ್ಲ.

ಅರ್ಧ ತಪ್ಪು ನನ್ನದು ಅಂದೆನಲ್ಲ, ಅದು ಫೋನು, ಬ್ಯಾಟರಿ ಮಾತ್ರ ಅಲ್ಲ. ಆ 3 ಜಿಬಿ ಫೋಲ್ಡರ್ ಒಳಗೆ ನಾನು ಒಂದು ಚಿಕ್ಕ ಫೈಲ್ ಇಟ್ಟಿದ್ದೆ, ಒಂದು ಮಂಡಿಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನ ಅಳತೆಗಳು. ಎಡಗಡೆ ಎಷ್ಟು ಬಿಡಬೇಕು, ಮೇಲೆ ಎಷ್ಟು, ಪ್ರಿಂಟರ್ ಪಕ್ಕ ನಿಂತು ಚೀಟಿ ಹರಿದು ಹರಿದು ನೋಡಿ ಬರೆದಿದ್ದು. ಅದನ್ನ ಎಸ್‌ವಿಎನ್‌ಗೆ ಆಡ್ ಮಾಡಿರಲಿಲ್ಲ, ಆಮೇಲೆ ಮಾಡಿದರಾಯ್ತು ಅಂತ ಬಿಟ್ಟಿದ್ದೆ. ಸ್ಟೇಟಸ್‌ನಲ್ಲಿ ಪ್ರಶ್ನೆ ಚಿಹ್ನೆ ಹಾಕಿಕೊಂಡು ವರ್ಷಗಟ್ಟಲೆ ಅಲ್ಲೇ ಇತ್ತು. ಲೆಕ್ಕದಲ್ಲಿ ಇಲ್ಲದ್ದನ್ನ ಅಪ್‌ಡೇಟೂ ತರಲ್ಲ, ರಿವರ್ಟೂ ತರಲ್ಲ. ಹುಡುಗನ ಮೊದಲ ಡಿಲೀಟ್‌ಗೇ ಅದು ಹೋಗಿತ್ತು, ಉಳಿದಿದ್ದೆಲ್ಲ ವಾಪಸ್ ಬಂದಿದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಆ ಮಂಡಿಗೆ ಹೊಸ ಸೆಟಪ್ ಹಾಕಿಕೊಟ್ಟ ಮೇಲೆ ಸಾಹುಕಾರರು ಫೋನ್ ಮಾಡಿದರು, ‘ಏನ್ರೀ, ಚೀಟಿಯಲ್ಲಿ ನಮ್ಮ ಅಂಗಡಿ ಹೆಸರಿನ ಮೊದಲ ಎರಡು ಅಕ್ಷರ ನುಂಗಿಬಿಟ್ಟಿದ್ದೀರಲ್ಲ’ ಅಂತ. ಒಂದು ಅಕ್ಷರ ವಾಪಸ್ ತಂದಿದ್ದೇನೆ. ಇನ್ನೊಂದಕ್ಕೆ ಸೋಮವಾರ ಸ್ಕೇಲ್ ಹಿಡಿದುಕೊಂಡು ಹೋಗಬೇಕು.

ಇಂತಿ,
ಮಂಡಿ ಸಾಫ್ಟ್‌ವೇರ್ ಬರೆಯುವ ಒಬ್ಬ ಓದುಗ
ದಾವಣಗೆರೆ